ತಮ್ಮನ ಕಾರಿನ ಕಪ್ಪು

ನಿಮಗೆ ತಮ್ಮ ಇದ್ದಾನೆಯೇ? ಇದ್ದರೆ ಅವನ ಕಾರಿನ ಬಂಪರ್ ಯಾವ ಬಣ್ಣದ್ದೆಂದು ಒಮ್ಮೆ ನೋಡಿ ಬನ್ನಿ. ಬಿಸಿಲಿಗೆ ಬೂದಿಯಾಗಿದ್ದರೆ ನೀವು ಪುಣ್ಯವಂತರು, ಹೊಟ್ಟೆ ತಣ್ಣಗಿಟ್ಟುಕೊಂಡು ಬೇರೆ ಏನಾದರೂ ಓದಿ. ನಿಮ್ಮದಕ್ಕಿಂತ ಕಪ್ಪಾಗಿ ಹೊಳೆಯುತ್ತಿದ್ದರೆ ಮಾತ್ರ ಇಲ್ಲಿ ನನ್ನ ಪಕ್ಕದಲ್ಲಿ ಕುಳಿತುಕೊಳ್ಳಿ. ನಾವಿಬ್ಬರೂ ಒಂದೇ ಜಾತಿಯವರು.

ಇವತ್ತು ಬೆಳಿಗ್ಗೆ ಬಚ್ಚಲುಮನೆಯ ಗೂಡಿನಲ್ಲಿ ಸೋಪು ಹುಡುಕುವಾಗ ಒಂದು ಹಳೆಯ ಟೂತ್‌ಬ್ರಷ್ ಕೈಗೆ ಸಿಕ್ಕಿತು. ಕೂದಲೆಲ್ಲ ಕಪ್ಪು, ಹುಣಸೆಹುಳಿಯ ವಾಸನೆ ಇನ್ನೂ ಪೂರ್ತಿ ಹೋಗಿಲ್ಲ. ಹಿಂದಿನಿಂದ ನನ್ನ ಹೆಂಡತಿ ಸುಮತಿ ನೋಡಿದಳು.

"ಅದನ್ನು ಇನ್ನೂ ಎಂತಕ್ಕೆ ಇಟ್ಟುಕೊಂಡಿದ್ದೀರಿ? ಬಿಸಾಡಿ ಮಾರಾಯ್ರೆ."

ಬಿಸಾಡಲಿಲ್ಲ. ಗೂಡಿನಲ್ಲೇ ಇಟ್ಟೆ. ಆ ಬ್ರಷ್ಷನ್ನು ಬಿಸಾಡಲು ನನಗೆ ಕೈ ಬರುವುದಿಲ್ಲ. ಯಾಕೆಂದು ಹೇಳಬೇಕಾದರೆ ಮೊದಲು ನಮ್ಮ ಮನೆಯ ಭೂಗೋಳ ಹೇಳಬೇಕು.

ದೇರೆಬೈಲಿನಲ್ಲಿ ನಮ್ಮದು ಒಂದೇ ಕಂಪೌಂಡಿನೊಳಗೆ ಎರಡು ಮನೆ. ಒಂದು ನನ್ನದು, ಒಂದು ತಮ್ಮ ಉಮೇಶನದು. ಅಪ್ಪನ ಕಾಲದ ಹಂಚಿನ ಮನೆಯನ್ನು ಕೆಡವಿ ಕಟ್ಟಿದ್ದು. ಉಮೇಶ ಹೊರದೇಶದ ದಮ್ಮಾಮಿನಲ್ಲಿ ದುಡಿದು ಬಂದವನು, ಈಗ ಟೈಲ್ಸ್ ಅಂಗಡಿ ಇಟ್ಟಿದ್ದಾನೆ. ನಾನು ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮಾಸ್ತರ. ಅಮ್ಮ ಮಲಗುವುದು ನನ್ನ ಮನೆಯಲ್ಲಿ, ಮಧ್ಯಾಹ್ನದ ಊಟ ಮಾತ್ರ ಆ ದಿನ ಯಾರ ಮನೆಯಲ್ಲಿ ಒಳ್ಳೆಯ ಮೀನು ಬಂದಿದೆಯೋ ಅಲ್ಲಿ. ನಮ್ಮ ಮಾತೆಲ್ಲ ತುಳುವಿನಲ್ಲಿ. ಇಲ್ಲಿ ಕನ್ನಡಕ್ಕೆ ತಿರುಗಿಸಿ ಬರೆಯುತ್ತಿದ್ದೇನೆ, ಹಾಗಾಗಿ ಅಮ್ಮನ ಬೈಗುಳದ ಅರ್ಧ ಖಾರ ದಾರಿಯಲ್ಲೇ ಸೋರಿಹೋದರೆ ಕ್ಷಮಿಸಿ.

ಕಾರು ಕೊಂಡದ್ದು ಇಬ್ಬರೂ ಒಂದೇ ಮಳೆಗಾಲ ಕಳೆದ ಮೇಲೆ. ಒಂದೇ ಕಂಪೆನಿ, ಒಂದೇ ಮಾಡೆಲ್. ಮೊದಲು ಬುಕ್ ಮಾಡಿದ್ದು ನಾನು, ಇದನ್ನು ನೆನಪಿಟ್ಟುಕೊಳ್ಳಿ. ನನ್ನದು ಬಿಳಿ, ಅವನದು ಕೆಂಪು. ಎರಡಕ್ಕೂ ಬಂಪರ್, ಚಕ್ರದ ಸುತ್ತಿನ ಅಂಚು, ಬಾಗಿಲಿನ ಹಿಡಿ, ಕಿಟಕಿಯ ಕೆಳಗಿನ ಪಟ್ಟಿ ಎಲ್ಲ ಕಪ್ಪು ಪ್ಲಾಸ್ಟಿಕ್. ತಂದ ಹೊಸದರಲ್ಲಿ ಆ ಕಪ್ಪಿನ ಅಂದವೇ ಬೇರೆ, ಹೊಸ ಸ್ಲೇಟಿನ ಹಾಗೆ. ನಾನು ಬಣ್ಣದ ಮನುಷ್ಯ, ನನಗೆ ಗೊತ್ತಾಗುತ್ತದೆ.

ಆಮೇಲೆ ಏನಾಯಿತೆಂದರೆ, ಉಮೇಶನ ಮನೆಗೆ ಪೋರ್ಟಿಕೊ ಇದೆ, ನನ್ನದಕ್ಕಿಲ್ಲ. ನಕ್ಷೆ ಮಾಡುವಾಗ ನಾನೇ ಬೇಡವೆಂದಿದ್ದೆ, ಬೆಳಕು ಕಡಿಮೆಯಾಗುತ್ತದೆಂದು. ಬೆಳಕು ಬಂತು. ನನ್ನ ಕಾರಿನ ಮೇಲೆ ಎಷ್ಟು ಬೆಳಕು ಬಂತೆಂದರೆ ಕೆಲವೇ ವರ್ಷಗಳಲ್ಲಿ ಬಂಪರ್ ಬೂದಿಯಾಯಿತು, ಅಂಚುಗಳು ಬೂದಿಯಾದವು, ಹಿಡಿಗಳೂ ಬೂದಿಯಾದವು. ಎಡಗಡೆ ಮುಂದಿನ ಕಿಟಕಿಯ ಕೆಳಗಿನ ಪಟ್ಟಿಯಂತೂ ಬೂದಿಯನ್ನೂ ದಾಟಿ ಬೆಳ್ಳಗೇ ಆಯಿತು. ಉಮೇಶನದು ಹಾಗೇ ಕಪ್ಪು. ಅವನ ತಲೆಕೂದಲೂ ಕಪ್ಪು, ನನ್ನದು ಹೇಗಿದೆಯೆಂದು ನೀವು ಕೇಳಬೇಡಿ. ಬೆಳಿಗ್ಗೆ ಹಲ್ಲುಜ್ಜುತ್ತಾ ಅಂಗಳಕ್ಕೆ ಬಂದರೆ ಪೋರ್ಟಿಕೊದಲ್ಲಿ ಅವನದು, ಬಿಸಿಲಲ್ಲಿ ನನ್ನದು, ಎರಡೂ ಒಟ್ಟಿಗೇ ಕಣ್ಣಿಗೆ ಬೀಳುತ್ತಿದ್ದವು. ನನ್ನದು ಅವನ ಕಾರಿನ ಅಪ್ಪನ ಹಾಗೆ ಕಾಣುತ್ತಿತ್ತು.

ಇಷ್ಟೇ ಆಗಿದ್ದರೆ ಸಹಿಸಿಕೊಳ್ಳುತ್ತಿದ್ದೆ. ಸಹಿಸಲಾಗದ ವಿಷಯ ಬೇರೆಯೇ ಇತ್ತು. ಅಮ್ಮ ಆಸ್ಪತ್ರೆಗೆ ಹೋಗುವುದು ನನ್ನ ಕಾರಿನಲ್ಲಿ, ಮದುವೆಗೆ ಹೋಗುವುದು ತಮ್ಮನ ಕಾರಿನಲ್ಲಿ.

ಯಾರೂ ಕುಳಿತು ತೀರ್ಮಾನಿಸಿದ್ದಲ್ಲ, ತಾನಾಗಿಯೇ ಹಾಗೆ ಆಗಿಹೋಗಿತ್ತು. ಅಮ್ಮನಿಗೆ ಶುಗರ್. ತಿಂಗಳಿಗೊಮ್ಮೆ ಫಳ್ನೀರಿನ ಕ್ಲಿನಿಕ್ಕಿಗೆ ಖಾಲಿ ಹೊಟ್ಟೆಯಲ್ಲಿ ಹೋಗಿ ರಕ್ತ ಕೊಡಬೇಕು. ಆಗ "ಮಗಾ, ಕಾರು ತೆಗಿ" ಎಂದು ನನಗೆ ಹುಕುಂ. ಯಾರದಾದರೂ ಮದುವೆ ಬಂದರೆ ರೇಷ್ಮೆಸೀರೆ ಉಟ್ಟು, ಮಲ್ಲಿಗೆ ಮುಡಿದು, ನನ್ನ ಕಾರನ್ನು ಕಣ್ಣೆತ್ತಿಯೂ ನೋಡದೆ ಸೀದಾ ಪೋರ್ಟಿಕೊಕ್ಕೆ ನಡೆದುಬಿಡುತ್ತಿದ್ದರು. ಒಮ್ಮೆ ಕೇಳಿಯೇಬಿಟ್ಟೆ.

"ಉಮೇಶನದ್ದರಲ್ಲಿ ಎಸಿ ಗಟ್ಟಿ ಉಂಟು. ಸೀರೆ ಮುದ್ದೆ ಆಗುದಿಲ್ಲ," ಎಂದರು ಅಮ್ಮ.

ನನಗೆ ನಂಬಿಕೆ ಬರಲಿಲ್ಲ. ಸುಮತಿ ಉರಿಯುವ ಬೆಂಕಿಗೆ ಒಂದು ಸೌಟು ತುಪ್ಪ ಹಾಕಿದಳು. "ಎಸಿಯೂ ಅಲ್ಲ ಎಂತದೂ ಅಲ್ಲ. ಹಾಲ್‌ನ ಗೇಟಿನಲ್ಲಿ ಹತ್ತು ಜನ ನೋಡುವಾಗ ನಿಮ್ಮ ಈ ಬೂದಿ ಬಂಪರಿನ ಕಾರಿನಿಂದ ಇಳೀಲಿಕ್ಕೆ ಯಾರಿಗೆ ಮನಸ್ಸು ಬರ್ತದೆ ಹೇಳಿ?"

ಅವತ್ತಿನಿಂದ ನನಗೆ ಖಾತ್ರಿಯಾಯಿತು. ತಪ್ಪೆಲ್ಲ ಬಂಪರಿನದು.

ಆ ಆಸ್ಪತ್ರೆಯ ಪ್ರಯಾಣವಾದರೂ ಎಂಥದ್ದು! ರಕ್ತ ಕೊಟ್ಟು ಹೊರಗೆ ಬಂದ ತಕ್ಷಣ ಅಮ್ಮನಿಗೆ ಗಡ್‌ಬಡ್ ಐಸ್‌ಕ್ರೀಮ್ ಬೇಕು. "ನಿಮಗೆ ಶುಗರ್ ಅಲ್ವಾ?" ಎಂದರೆ, "ರಕ್ತ ಕೊಟ್ಟಾಯ್ತಲ್ಲ ಮಾರಾಯ, ಇನ್ನು ಮುಂದಿನ ತಿಂಗಳವರೆಗೆ ಯಾರಿಗೆ ಗೊತ್ತಾಗ್ತದೆ?" ಎನ್ನುತ್ತಿದ್ದರು. ಉದ್ದ ಗ್ಲಾಸಿನ ತಳದಲ್ಲಿ ಉಳಿದ ಜೆಲ್ಲಿಯನ್ನು ಚಮಚದಲ್ಲಿ ಕೆರೆದು ಕೆರೆದು ತಿನ್ನುವವರೆಗೆ ನಾನು ವಾಚು ನೋಡುತ್ತಾ ಕೂರಬೇಕು. ಆಮೇಲೆ ಕಾರು ಹತ್ತಿ ಕಿಟಕಿ ಇಳಿಸಿ, ಎಲೆಸಂಚಿ ಬಿಚ್ಚಿ, ವೀಳ್ಯ ಮಡಚುತ್ತಾ ಊರಿನ ಸುದ್ದಿಯೆಲ್ಲ ಹೇಳುವುದು. ಯಾರ ಸೊಸೆ ಯಾರಿಗೆ ಎದುರು ಮಾತಾಡಿದಳು, ಅಪ್ಪ ಮೊದಲ ಸಲ ಜಗಳವಾಡಿದ್ದು ಯಾವ ಸಾರಿನ ವಿಷಯಕ್ಕೆ, ಹೀಗೆ. ಮನೆಯ ಗೇಟು ಕಂಡ ಕೂಡಲೇ ದನಿ ತಗ್ಗಿಸಿ, "ಗಡ್‌ಬಡ್ ವಿಷಯ ಉಮೇಶನಿಗೆ ಹೇಳ್ಬೇಡ ಆಯ್ತಾ, ಅವ ಬೈತಾನೆ" ಎನ್ನುವರು. ಉಮೇಶ "ಎಂತ ಅಣ್ಣ ಇಷ್ಟು ಹೊತ್ತು?" ಎಂದು ಕೇಳಿದರೆ, "ಟ್ರಾಫಿಕ್ ಮಾರಾಯ, ಫಳ್ನೀರಿನಲ್ಲಿ ಇಡೀ ಬ್ಲಾಕ್" ಎಂದು ನಾನು ಸುಳ್ಳು ಹೇಳಬೇಕು. ಬಿಟ್ಟಿ ಚಾಕರಿ ಎಂದು ಗೊಣಗುತ್ತಿದ್ದೆ. ಅಲ್ಲಿ ಮದುವೆಮನೆಯ ಗೇಟಿನಲ್ಲಿ ಅಮ್ಮನನ್ನು ಇಳಿಸಿ ಹತ್ತು ಜನರ ನಮಸ್ಕಾರ ತೆಗೆದುಕೊಳ್ಳುವುದು ಅವನು, ಇಲ್ಲಿ ಮೂತ್ರದ ಬಾಟಲಿ ಹಿಡಿದು ಕ್ಯೂ ನಿಲ್ಲುವುದು ನಾನು.

ಇದು ಇಂದು ನಿನ್ನೆಯ ಉರಿಯಲ್ಲ. ಚಿಕ್ಕಂದಿನಲ್ಲಿ ನಮ್ಮ ಹಳೆ ಮನೆಯ ಹಿಂದೆ ಒಂದು ಪೇರಳೆ ಮರವಿತ್ತು. ಅದಕ್ಕೆ ಹತ್ತಿದ ಉಮೇಶನ ಕೆನ್ನೆಗೆ ಒಂದು ದಿನ ಕಣಜ ಕಚ್ಚಿತು. ಅವನು ಬೊಬ್ಬೆ ಹೊಡೆದುಕೊಂಡು ಬಂದ. ಅಮ್ಮ ಜಗಲಿಯಲ್ಲಿ ವೀಳ್ಯ ಹಾಕುತ್ತಿದ್ದವರು ಅವನನ್ನು ಮಡಿಲಿಗೆ ಎಳೆದುಕೊಂಡು, ಬೆರಳಿನ ಸುಣ್ಣವನ್ನು ಊದಿ ಊದಿ ಕೆನ್ನೆಗೆ ಹಚ್ಚಿದರು. ಆ ದಿನವಿಡೀ ಅವನು ಕೆನ್ನೆಯ ಮೇಲೆ ಬಿಳಿ ಬೊಟ್ಟು ಇಟ್ಟುಕೊಂಡು ರಾಜನ ಹಾಗೆ ಓಡಾಡಿದ. ನನಗೆ ತಡೆಯಲಾಗಲಿಲ್ಲ. ನಾನೂ ಕಿವಿ ಹಿಡಿದುಕೊಂಡು ಓಡಿಬಂದು, "ಅಮ್ಮ, ನನಗೂ ಕಚ್ಚಿತು!" ಎಂದು ಅತ್ತೆ.

ಅಮ್ಮ ಕಿವಿಯನ್ನು ತಿರುಗಿಸಿ ಮುರುಗಿಸಿ ನೋಡಿದರು. "ಎಲ್ಲಿ? ಕೆಂಪೇ ಆಗಲಿಲ್ಲವಲ್ಲ!" ಎಂದು ನಕ್ಕು, ಬೆರಳಿನಲ್ಲಿ ಉಳಿದಿದ್ದ ಸುಣ್ಣವನ್ನು ಕಂಬಕ್ಕೆ ಒರೆಸಿದರು.

ಜಗಲಿಯ ಆ ಕಂಬದಲ್ಲಿ ಅಮ್ಮನ ಕೈ ಎಟುಕುವ ಎತ್ತರಕ್ಕೆ ಎಷ್ಟೋ ವರ್ಷಗಳ ಬಿಳಿ ಗೆರೆಗಳಿದ್ದವು. ವೀಳ್ಯ ಹಾಕುವವರಿಗೆಲ್ಲ ಈ ಅಭ್ಯಾಸ ಇದ್ದದ್ದೇ, ಎಲೆಗೆ ಹಚ್ಚಿ ಉಳಿದ ಸುಣ್ಣ ಕೈಗೆ ಸಿಕ್ಕಿದ್ದಕ್ಕೆ ಹೋಗುತ್ತದೆ. ಅವತ್ತು ನನಗೆ ಬರಬೇಕಾದ ಸುಣ್ಣ ಕಂಬಕ್ಕೆ ಹೋಯಿತು. ಕಂಬದ ಮೇಲೂ ಹೊಟ್ಟೆಕಿಚ್ಚು ಪಟ್ಟ ಮನುಷ್ಯ ನಾನು. ಇನ್ನು ಬಂಪರ್ ಯಾವ ಲೆಕ್ಕ?

ಹೀಗಿರುವಾಗ ನಮ್ಮ ಚಿಕ್ಕಪ್ಪನ ಮೊಮ್ಮಗಳ ಮದುವೆ ಗೊತ್ತಾಯಿತು. ಹಾಲ್ ಬಿಕರ್ನಕಟ್ಟೆಯ ಹತ್ತಿರ. ಈ ಸಲ ಅಮ್ಮ ಇಳಿಯುವುದು ನನ್ನ ಕಾರಿನಿಂದಲೇ ಎಂದು ಪಣ ತೊಟ್ಟೆ.

ಕಪ್ಪು ಬರಿಸುವುದು ಹೇಗೆ? ನಾವು ಕರಾವಳಿಯವರು. ತಲೆ ಕಾದರೆ ತೆಂಗಿನೆಣ್ಣೆ, ಹಿಮ್ಮಡಿ ಒಡೆದರೆ ತೆಂಗಿನೆಣ್ಣೆ, ಬಾಗಿಲು ಕಿರ್ರೆಂದರೆ ತೆಂಗಿನೆಣ್ಣೆ. ಬಂಪರಿಗೆ ಬೇರೆ ಏನು ಹಾಕಬೇಕೆಂದು ನನಗೆ ಹೊಳೆಯಲೇ ಇಲ್ಲ. ಗಾಣದಿಂದ ತಂದ ಒಳ್ಳೆಯ ಎಣ್ಣೆಯನ್ನು ಬಟ್ಟಲಿನಲ್ಲಿ ತೆಗೆದುಕೊಂಡು ಅಂಗಳದಲ್ಲಿ ಕುಕ್ಕರಗಾಲಲ್ಲಿ ಕುಳಿತು ಅಂಗೈಯಿಂದಲೇ ತಿಕ್ಕಿದೆ. ಅಬ್ಬಾ, ಏನು ಕಪ್ಪು! ಉಮೇಶ ಪೋರ್ಟಿಕೊದಿಂದ ಬಗ್ಗಿ ನೋಡಿದ.

"ಎಂತ ಅಣ್ಣ, ಕಾರಿಗೆ ಅಭ್ಯಂಜನವಾ?"

"ನೀನು ನಿನ್ನ ಕೆಲಸ ನೋಡು," ಎಂದೆ.

ಮರುದಿನವೇ ಫಳ್ನೀರಿನ ಸರದಿ. ಕ್ಲಿನಿಕ್ಕಿನಿಂದ ಹೊರಗೆ ಬಂದು ನೋಡುತ್ತೇನೆ, ಒಂದು ಬೀದಿನಾಯಿ ನನ್ನ ಬಂಪರನ್ನು ಈ ತುದಿಯಿಂದ ಆ ತುದಿಗೆ ಕಣ್ಣುಮುಚ್ಚಿ ನೆಕ್ಕುತ್ತಿದೆ. ಓಡಿಸಿದರೆ ಹೋಗದು, ಅದಕ್ಕೂ ಗಾಣದ ಎಣ್ಣೆಯ ರುಚಿ ಗೊತ್ತು. ಅಮ್ಮ ಕೊಡೆ ಊರಿಕೊಂಡು ನಿಂತು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. "ಪಾಪ ಮಗಾ, ನೆಕ್ಕಲಿ ಬಿಡು. ಅದು ಸಹ ಖಾಲಿ ಹೊಟ್ಟೆಯಲ್ಲಿ ಬಂದದ್ದೋ ಎಂತದೋ!" ದಾರಿಯಲ್ಲಿ ಎಲ್ಲೋ ಮಣ್ಣು ಅಗೆಯುತ್ತಿದ್ದರು. ಆ ಕೆಂಪು ಧೂಳೆಲ್ಲ ಎಣ್ಣೆಗೆ ಮೆತ್ತಿಕೊಂಡು, ಮನೆ ತಲುಪುವಾಗ ಬಂಪರ್ ಕಪ್ಪೂ ಅಲ್ಲ ಬೂದಿಯೂ ಅಲ್ಲ, ಮುರಕಲ್ಲಿನ ಕೆಂಪು ಗೋಡೆಯ ಬಣ್ಣಕ್ಕೆ ಬಂದಿತ್ತು. ಉಮೇಶ ಬಗ್ಗಿ ನೋಡಿ, ತನ್ನ ಬಂಪರನ್ನು ಒಮ್ಮೆ ಬಟ್ಟೆಯಿಂದ ಒರೆಸಿದ. ಅದೇ ಹೆಚ್ಚು ಉರಿಸಿತು.

ಕೊನೆಗೆ ಬಿಕರ್ನಕಟ್ಟೆಯಲ್ಲಿ ಕಾರಿನ ಸಾಮಾನು ಮಾರುವ ರಝಾಕನ ಅಂಗಡಿಗೆ ಹೋದೆ. ಅವನು ನನ್ನ ಜೊತೆ ಓದಿದವನು. ಆದರೂ ನನ್ನನ್ನು ಮಾಷ್ಟ್ರೇ ಎಂದೇ ಕರೆಯುತ್ತಾನೆ, ಗೌರವಕ್ಕಲ್ಲ, ಕೀಟಲೆಗೆ.

"ತೆಂಗಿನೆಣ್ಣೆ ಹಾಕಿದ್ದೀರಿ ಅಲ್ವಾ ಮಾಷ್ಟ್ರೇ?" ಎಂದ, ಕಾರನ್ನು ನೋಡಿದ್ದೇ ತಡ.

"ಸ್ವಲ್ಪ."

"ಸ್ವಲ್ಪವಾ? ಮೀನು ಹುರಿಯುವಷ್ಟು ಉಂಟು!" ಕಪ್ಪು ಪಾಲಿಶಿನ ಒಂದು ಬಾಟಲಿ ತೆಗೆದು ಮೇಜಿನ ಮೇಲಿಟ್ಟ. "ಮೊದಲು ಸೋಪು ಹಾಕಿ ತಿಕ್ಕಿ ಎಣ್ಣೆ ಪೂರಾ ತೆಗೀರಿ. ಒಣಗಿದ ಮೇಲೆ ಸ್ಪಂಜಿನಲ್ಲಿ ಇದನ್ನು ಹಚ್ಚಿ. ನಿಮ್ಮ ತಮ್ಮನೂ ಇದನ್ನೇ ಕೊಂಡುಹೋಗುದು."

ಆ ಕ್ಷಣದ ಸುಖವನ್ನು ಹೇಗೆ ಹೇಳಲಿ! ಹಾಗಾದರೆ ಅದು ಹುಟ್ಟು ಕಪ್ಪಲ್ಲ, ಹಚ್ಚಿದ ಕಪ್ಪು! ಕೂದಲಿಗೆ ಹಚ್ಚುತ್ತಾನೆಂದು ಗೊತ್ತಿತ್ತು, ಕಾರಿಗೂ ಹಚ್ಚುತ್ತಾನೆ! ಪೋರ್ಟಿಕೊದ ಮೇಲೆ ಇಷ್ಟು ವರ್ಷ ಸುಮ್ಮನೆ ಹೊಟ್ಟೆ ಉರಿಸಿಕೊಂಡೆನಲ್ಲ. ದಾರಿಯುದ್ದಕ್ಕೂ ಶಿಳ್ಳೆ ಹಾಕುತ್ತಾ ಬಂದೆ.

ಮದುವೆಯ ಹಿಂದಿನ ದಿನ ರಜೆ ಹಾಕಿದೆ. ತೊಳೆದೆ, ತಿಕ್ಕಿದೆ, ಒರೆಸಿದೆ, ಸ್ಪಂಜಿನಲ್ಲಿ ಹಚ್ಚಿದೆ. ಪ್ಲಾಸ್ಟಿಕ್ ಎಲ್ಲ ಮಳೆಗೆ ನೆನೆದ ಬಂಡೆಯ ಹಾಗೆ ಕಪ್ಪಾಯಿತು. ಎಡಗಡೆ ಮುಂದಿನ ಕಿಟಕಿಯ ಪಟ್ಟಿಯೊಂದು ಬಿಟ್ಟು. ಅಲ್ಲಿನ ಬಿಳಿ ಮಾತ್ರ ಏನು ಮಾಡಿದರೂ ಹೋಗಲೊಲ್ಲದು. ಅಲ್ಲಿಗೇ ಬಿಸಿಲು ಯಾಕೆ ಅಷ್ಟು ಜೋರಾಗಿ ಹೊಡೆದಿದೆಯೋ ಎಂದು ತಲೆ ಕೆರೆದುಕೊಂಡೆ. ದೇವರ ದೀಪವನ್ನು ಹುಣಸೆಹುಳಿ ಹಾಕಿ ತಿಕ್ಕಿ ತೊಳೆಯುತ್ತಿದ್ದ ಸುಮತಿ ಉಳಿದ ಹುಳಿಯನ್ನು ಕೊಟ್ಟು, "ಇದನ್ನು ಹಾಕಿ ನೋಡಿ" ಎಂದಳು. ಹಳೆಯ ಟೂತ್‌ಬ್ರಷ್ ತಂದು ಹುಳಿ ಹಾಕಿ ತಿಕ್ಕಿದೆ. ಸಣ್ಣಗೆ ನೊರೆ ಬಂದು ಬಿಳಿಯೆಲ್ಲ ಕರಗಿ ನೆಲಕ್ಕಿಳಿಯಿತು. ನೀರು ಹೊಯ್ದೆ. ಒಣಗಿಸಿ ಬಾಟಲಿಯ ಕಪ್ಪು ಹಚ್ಚಿದೆ. ಈಗ ಇಡೀ ಕಾರಿನಲ್ಲಿ ಒಂದು ಚುಕ್ಕೆ ಬಿಳಿ ಇಲ್ಲ.

ಮರುದಿನ ಕಾರನ್ನು ಮೆಟ್ಟಿಲಿಗೆ ಅಂಟಿಸಿದ ಹಾಗೆ ನಿಲ್ಲಿಸಿ, ಎಸಿ ಹಾಕಿ, ಎಡಬಾಗಿಲು ತೆರೆದು ನಿಂತೆ. ಅಮ್ಮ ರೇಷ್ಮೆಸೀರೆಯಲ್ಲಿ ಹೊರಗೆ ಬಂದರು.

"ಇದು ಯಾರದ್ದು ಕಾರು?"

"ನಮ್ಮದೇ. ಕೂತ್ಕೊಳ್ಳಿ ಅಮ್ಮ."

ಅಮ್ಮ ಒಮ್ಮೆ ಪೋರ್ಟಿಕೊದ ಕಡೆ ನೋಡಿದರು, ಒಮ್ಮೆ ನನ್ನ ಮುಖ ನೋಡಿದರು, ಹತ್ತಿ ಕುಳಿತರು. ಕೀ ಹಿಡಿದು ನಿಂತಿದ್ದ ಉಮೇಶನ ಮುಖ ನೀವು ನೋಡಬೇಕಿತ್ತು! ಬಿಕರ್ನಕಟ್ಟೆಯವರೆಗೆ ನನಗೆ ಅದೊಂದೇ ನೋಟ. ಹಾಲ್‌ನ ಗೇಟಿನಲ್ಲಿ ಅಮ್ಮ ಇಳಿದರು. ಹತ್ತಲ್ಲ, ಇಪ್ಪತ್ತು ಜನ ನೋಡಿದರು. "ಹೊಸ ಕಾರಾ?" ಎಂದು ಒಬ್ಬರು ಕೇಳಿಯೂ ಕೇಳಿದರು. ಆ ದಿನದ ಊಟದ ರುಚಿಯನ್ನು ನಾನು ಜನ್ಮದಲ್ಲಿ ಮರೆಯುವುದಿಲ್ಲ.

ಊಟವಾಗಿ ಹೊರಟಾಗ ಗೇಟಿನ ಹತ್ತಿರ ಕಾರುಗಳ ಸಾಲು. ನಿಂತಿದ್ದೆವು. ಅಮ್ಮ ಕಿಟಕಿ ಇಳಿಸಿ, ಹಾಲ್‌ನಲ್ಲಿ ಕೊಟ್ಟ ಎಲೆಗೆ ಸುಣ್ಣ ಹಚ್ಚಿ ಮಡಚಿ ಬಾಯಿಗಿಟ್ಟರು. ನೆಂಟರು ಕಿಟಕಿಯ ಹತ್ತಿರ ಬಗ್ಗಿ ಮಾತಾಡಿಸುತ್ತಿದ್ದರು. ಅವರ ಜೊತೆ ನಗುತ್ತಲೇ ಅಮ್ಮನ ಕೈ ಹೊರಗೆ ಹೋಯಿತು, ಬೆರಳು ಕಿಟಕಿಯ ಕೆಳಗಿನ ಪಟ್ಟಿಯ ಮೇಲೆ ಉದ್ದಕ್ಕೆ ಎಳೆಯಿತು. ಕಪ್ಪಿನ ಮೇಲೆ ಬೆಳ್ಳನೆಯ ಸುಣ್ಣದ ಗೆರೆ.

"ಅಮ್ಮ! ಎಂತ ಮಾಡಿದ್ರಿ ನೀವು! ನಿನ್ನೆ ಇಡೀ ದಿನ ಕೂತು ತಿಕ್ಕಿದ್ದೇನೆ ನಾನು! ಬುದ್ಧಿ ಬೇಡ್ವಾ?"

ಬಗ್ಗಿದ್ದ ನೆಂಟರೆಲ್ಲ ಹಿಂದೆ ಸರಿದರು. ಅಷ್ಟು ಜೋರಾಗಿ ಕಿರುಚಿದ್ದೆನೆಂದು ನನಗೆ ಗೊತ್ತಾದದ್ದು ಆಮೇಲೆ. ಅಮ್ಮ ಗಾಬರಿಯಿಂದ, "ಅಯ್ಯೋ, ಹೊಸತು ಮಾಡಿದ್ದಲ್ವಾ, ಮರೆತೇ ಹೋಯ್ತು ಮಗಾ" ಎಂದು ರೇಷ್ಮೆಸೀರೆಯ ಸೆರಗಿನಿಂದಲೇ ಆ ಗೆರೆಯನ್ನು ಒರೆಸಿ ತೆಗೆದರು. ಸ್ಟಿಯರಿಂಗ್ ಹಿಡಿದು ಕುಳಿತವನಿಗೆ ಆಗ ಹೊಳೆಯಿತು. ನಾನು ಹುಣಸೆಹುಳಿ ಹಾಕಿ ತೊಳೆದದ್ದು ಬಿಸಿಲಿನ ಬಿಳಿಯಲ್ಲ, ಅಮ್ಮ ನನ್ನ ಪಕ್ಕದಲ್ಲಿ ಕುಳಿತು ಫಳ್ನೀರಿನಿಂದ ಹಿಂದೆ ಬಂದ ಅಷ್ಟೂ ಸಲದ ಸುಣ್ಣ. ಮನೆಯವರೆಗೆ ಅಮ್ಮ ಕಿಟಕಿ ಏರಿಸಿ, ಕೈಗಳನ್ನು ಮಡಿಲಲ್ಲಿಟ್ಟುಕೊಂಡೇ ಕುಳಿತರು. ಎಸಿ ಗಟ್ಟಿಯಾಗಿಯೇ ಇತ್ತು.

ಮುಂದಿನ ತಿಂಗಳು ಕ್ಲಿನಿಕ್ಕಿನ ದಿನ ನಾನು ಅಂಗಿ ಹಾಕಿಕೊಂಡು ಕೀ ಹುಡುಕುತ್ತಿದ್ದೆ.

"ನೀನು ಶಾಲೆಗೆ ಹೋಗು ಮಗಾ. ಉಮೇಶನಿಗೆ ಹೇಳಿದ್ದೇನೆ," ಎಂದರು ಅಮ್ಮ. ದನಿಯಲ್ಲಿ ಸಿಟ್ಟಿರಲಿಲ್ಲ, ಇದ್ದಿದ್ದರೆ ಚೆನ್ನಾಗಿತ್ತು. "ನಿನ್ನದು ಚಂದ ಮಾಡಿ ಇಟ್ಟಿದ್ದೀ. ಸುಮ್ಮನೆ ಯಾಕೆ ನನ್ನಿಂದ ಹಾಳಾಗುದು."

ಶಾಲೆಗೆ ಅರ್ಧ ದಿನ ರಜೆ ಹೇಳಿ ಜಗಲಿಯಲ್ಲಿ ಪೇಪರ್ ಹಿಡಿದು ಕುಳಿತೆ. ಕೆಂಪು ಕಾರು ಬಂದದ್ದು ಎಷ್ಟೋ ಹೊತ್ತಿನ ಮೇಲೆ. ಅಮ್ಮನ ತುಟಿ ಕೆಂಪಾಗಿತ್ತು, ಮುಖ ಅರಳಿತ್ತು.

"ಎಂತ ಇಷ್ಟು ಹೊತ್ತು?" ಎಂದೆ.

"ಟ್ರಾಫಿಕ್ ಅಣ್ಣ," ಎಂದ ಉಮೇಶ. "ಫಳ್ನೀರಿನಲ್ಲಿ ಇಡೀ ಬ್ಲಾಕ್."

ಹೇಳಿ ಅಮ್ಮನ ಮುಖ ನೋಡಿದ. ಅಮ್ಮ ಅವನ ಮುಖ ನೋಡಿದರು. ಇಬ್ಬರಿಗೂ ನಗು ತಡೆಯಲಾಗಲಿಲ್ಲ. ನನ್ನ ಸುಳ್ಳನ್ನು ನನಗೇ ಹೇಳಿದ್ದ! ಉದ್ದ ಗ್ಲಾಸು, ತಳದ ಜೆಲ್ಲಿ, ಚಮಚ ಕೆರೆಯುವ ಸದ್ದು ಎಲ್ಲ ಒಮ್ಮೆಗೇ ನೆನಪಾಗಿ, ಜೀವಮಾನದಲ್ಲಿ ಯಾವ ಬಂಪರಿಗೂ ಪಡದಷ್ಟು ಹೊಟ್ಟೆಕಿಚ್ಚು ಪಟ್ಟೆ. ಅವರು ಒಳಗೆ ಹೋದ ಮೇಲೆ ಮೆಲ್ಲನೆ ಪೋರ್ಟಿಕೊಕ್ಕೆ ಹೋಗಿ ಅವನ ಕಾರಿನ ಎಡಗಡೆ ನೋಡಿದೆ. ಕಿಟಕಿಯ ಕೆಳಗಿನ ಕಪ್ಪು ಪಟ್ಟಿಯ ಮೇಲೆ ಒಂದು ಬಿಳಿ ಗೆರೆ. ಮರುದಿನ ನೋಡಿದರೂ ಇತ್ತು. ಆ ಭಾನುವಾರ ಅವನು ಕಾರನ್ನು ತೊಳೆದ, ಬಾಟಲಿಯ ಕಪ್ಪು ಹಚ್ಚಿದ. ಆ ಗೆರೆಯನ್ನು ಮಾತ್ರ ಮುಟ್ಟಲಿಲ್ಲ.

ಆವತ್ತಿನಿಂದ ನನ್ನ ಕಾರಿಗೆ ನಾನು ಏನೂ ಹಚ್ಚಿಲ್ಲ. ಬಿಸಿಲಿಗೇ ಬಿಟ್ಟಿದ್ದೇನೆ. ಆದರೆ ರಝಾಕನ ಬಾಟಲಿ ಬಲವಾದದ್ದು, ಹಾಳಾದ ಕಪ್ಪು ಇಳಿಯುತ್ತಲೇ ಇಲ್ಲ.

ಇವತ್ತು ಬೆಳಿಗ್ಗೆ ಆ ಬ್ರಷ್ ಸಿಕ್ಕಿದ ಮೇಲೆ ಶಾಲೆಯಲ್ಲೂ ಅದೇ ತಲೆಯಲ್ಲಿತ್ತು. ಸಂಜೆ ಬಂದವನು ಕಾರನ್ನು ಜಗಲಿಗೆ ತಾಗಿಸಿ ನಿಲ್ಲಿಸಿದೆ, ಎಡಗಡೆ ಅಮ್ಮನ ಕುರ್ಚಿಯ ಕಡೆಗೆ ಬರುವ ಹಾಗೆ, ಕೈ ಚಾಚಿದರೆ ಪಟ್ಟಿ ಸಿಗುವ ಹಾಗೆ. ನಾನು ಪೇಪರ್ ಹಿಡಿದು ಪಕ್ಕದಲ್ಲಿ ಕುಳಿತೆ. ಅಮ್ಮ ಬಂದರು, ಎಲೆಸಂಚಿ ಬಿಚ್ಚಿದರು. ತೊಟ್ಟು ಮುರಿದು, ಸುಣ್ಣ ಹಚ್ಚಿ, ಮಡಚಿ ಬಾಯಿಗಿಟ್ಟರು. ಬೀದಿಯ ಕಡೆ ನೋಡುತ್ತಲೇ ಅವರ ಕೈ ತಾನಾಗಿ ಕಾರಿನತ್ತ ಚಾಚಿತು. ನಾನು ಪೇಪರನ್ನು ಇನ್ನಷ್ಟು ಮೇಲೆತ್ತಿ ಹಿಡಿದೆ. ಬೆರಳು ಪಟ್ಟಿಯ ಹತ್ತಿರ ಬಂತು, ನಿಂತಿತು. ಅಮ್ಮ ಒಮ್ಮೆ ನನ್ನ ಕಡೆ ನೋಡಿದರು. ಕೈಯನ್ನು ಹಿಂದೆ ತೆಗೆದುಕೊಂಡು, ಬೆರಳನ್ನು ಸೆರಗಿಗೆ ಒರೆಸಿಕೊಂಡರು.

"ನಾಳೆ ಫಳ್ನೀರಿಗೆ ಹೋಗ್ಲಿಕ್ಕುಂಟು ಮಗಾ," ಎಂದರು. "ಉಮೇಶನಿಗೊಂದು ಹೇಳಿ ಬಾ."